ಅಣಬೆ ಮನೆಯ ಔಷಧಿ

ಹಿಂದೆ ಅಣಬೆಯೆಂದರೆ ಮಳೆಗಾಲದ ಆರಂಭದಲ್ಲಿ, ಗುಡುಗು ಸದ್ದು ಮಾಡಿದ ಮರುದಿನ ಹುತ್ತದ ಬಳಿ ತಾನಾಗಿ ಏಳುತ್ತಿದ್ದ ವಸ್ತು. ಅದಕ್ಕೆ ಗೊಬ್ಬರ ಹಾಕಿದವರಿಲ್ಲ, ಔಷಧಿ ಹೊಡೆದವರಿಲ್ಲ. ಇಂದು ಭತ್ತದ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಚಿಪ್ಪಣಬೆ ವರ್ಷದ ಬಹುಪಾಲು ಬೆಳೆಯುತ್ತದೆ. ಅನೇಕ ಮಹಿಳೆಯರಿಗೆ ಆದಾಯವನ್ನೂ ತರುತ್ತದೆ. ಸಂತೋಷದ ಸಂಗತಿಯೇ. ಆದರೆ ಆ ಕೃಷಿಯಲ್ಲಿ ಬಳಕೆಯಾಗುವ ರಾಸಾಯನಿಕಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಲೆನಾಡಿನ ತನ್ನ ಮನೆಯ ಹಿಂದಿನ ಕೊಠಡಿಯಲ್ಲಿ ಅಣಬೆ ಬೆಳೆಯುತ್ತಾಳೆ. ಕಳೆದ ವರ್ಷ ಅಲ್ಲಿಗೆ ಹೋದಾಗ ಬಾಗಿಲಲ್ಲೇ ಮೂಗಿಗೆ ಬಡಿದ ವಾಸನೆ ನನಗೆ ಚಿರಪರಿಚಿತವಾಗಿತ್ತು. ಶಾಲೆಯ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುತ್ತಿದ್ದ ಜಾಡಿಗಳ ಫಾರ್ಮಲಿನ್ ಅದು. ಆಕೆ ಬರಿಗೈಯಿಂದಲೇ ತೊಟ್ಟಿಯಲ್ಲಿದ್ದ ಹುಲ್ಲನ್ನು ತೆಗೆಯುತ್ತಿದ್ದಳು. “ಕಣ್ಣು ಉರಿಯುತ್ತೆ ಸಾರ್, ಈಗ ಅಭ್ಯಾಸವಾಗಿದೆ” ಎಂದಳು.

ಆಕೆ ಅನುಸರಿಸುತ್ತಿದ್ದುದು ನಮ್ಮಲ್ಲಿ ಬಹುಕಾಲದಿಂದ ಹೇಳಿಕೊಡುತ್ತಿರುವ ವಿಧಾನವನ್ನೇ. 100 ಲೀಟರ್ ನೀರಿಗೆ 125 ಮಿ.ಲೀ. ಫಾರ್ಮಲಿನ್ ಮತ್ತು 7.5 ಗ್ರಾಂ ಕಾರ್ಬೆಂಡಜಿಂ ಬೆರೆಸಿ, ಹುಲ್ಲನ್ನು ಸುಮಾರು 18 ಗಂಟೆ ಮುಳುಗಿಸಿಡಬೇಕು. ಶಿಲೀಂಧ್ರವನ್ನು ಬೆಳೆಯಲು ಶಿಲೀಂಧ್ರನಾಶಕವೇ ಎಂದು ನೀವು ಕೇಳಬಹುದು. ಆ ಪ್ರಮಾಣವನ್ನು ಚಿಪ್ಪಣಬೆ ತಾಳಿಕೊಳ್ಳುತ್ತದೆ. ಅದರ ಆಹಾರ ಕಸಿಯುವ ಹಸಿರು ಬೂಷ್ಟು ತಾಳುವುದಿಲ್ಲ. ಆ ಬೂಷ್ಟಿನ ಹೆಸರು ಟ್ರೈಕೋಡರ್ಮಾ. ಅಡಿಕೆ, ಕಾಳುಮೆಣಸಿನ ಬುಡಕ್ಕೆ ರೋಗ ಬಾರದಿರಲೆಂದು ನಾವೇ ದುಡ್ಡು ಕೊಟ್ಟು ತಂದು ಹಾಕುವುದೂ ಅದನ್ನೇ! ತೋಟದ ನೆಂಟ ಅಣಬೆ ಮನೆಯಲ್ಲಿ ಕಳ್ಳ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಕಾರ್ಬೆಂಡಜಿಂಗೆ ಐರೋಪ್ಯ ಒಕ್ಕೂಟದಲ್ಲಿದ್ದ ಅನುಮತಿ 2014ರಲ್ಲಿ ಕೊನೆಗೊಂಡಿತು. ಫಾರ್ಮಲಿನ್ ವಿಷಯದಲ್ಲಿ ಅಪಾಯ ಮೊದಲು ತಟ್ಟುವುದು ತಿನ್ನುವ ನಮಗಲ್ಲ, ಮುಚ್ಚಿದ ಕೊಠಡಿಯಲ್ಲಿ ಅದರ ಆವಿಯನ್ನು ಉಸಿರಾಡುವ ಕೈಗಳ ಒಡತಿಯರಿಗೆ.

ತಿನ್ನುವವರು ಚಿಂತಿಸಬೇಕಾದುದು ಸಣ್ಣ ನೊಣಗಳು ಬಂದಾಗ ಕೆಲವರು ಹೊಡೆಯುವ ಕೀಟನಾಶಕದ ಬಗ್ಗೆ. ತರಕಾರಿಗೆ ಔಷಧಿ ಹೊಡೆದರೆ ಕೊಯ್ಲಿಗೆ ಇಷ್ಟು ದಿನ ಕಾಯಿರಿ ಎಂಬ ನಿಯಮವಿದೆ. ಅಣಬೆಯಾದರೋ ಮೊಗ್ಗು ಕಂಡ ಮೂರು ನಾಲ್ಕು ದಿನಗಳಲ್ಲೇ ಕೊಯ್ಲಿಗೆ ಬರುತ್ತದೆ. ಸುಲಿದೆಸೆಯಲು ಸಿಪ್ಪೆಯೂ ಇಲ್ಲ. ಕಾಯಲು ಸಮಯವೆಲ್ಲಿದೆ? ಕಿಟಕಿಗೆ ಸಣ್ಣ ಕಣ್ಣಿನ ಬಲೆ, ಹಳದಿ ಅಂಟುಹಾಳೆ, ಕೊಳೆತ ಚೀಲವನ್ನು ಅಂದೇ ದೂರ ಸಾಗಿಸುವುದು, ಇವೇ ಅಲ್ಲಿ ಸರಿಯಾದ ಔಷಧಿ.

ಹುಲ್ಲಿನ ಶುದ್ಧಿಗೂ ಬೇರೆ ದಾರಿಯಿದೆ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆಗೂ ಮಿಕ್ಕಿ ಮುಳುಗಿಸಿಟ್ಟರೆ ಸಾಕು. ನಾನು ಇದನ್ನು ಹೇಳಿದಾಗ ಆಕೆ ನಕ್ಕು, “ಸೌದೆಗೆ ದುಡ್ಡು ಯಾರು ಕೊಡ್ತಾರೆ ಸಾರ್?” ಎಂದಳು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಈಗ ಅಡಿಕೆ ಸಿಪ್ಪೆ ಉರಿಸಿ ಹಂಡೆಯಲ್ಲಿ ಅರ್ಧದಷ್ಟು ಹುಲ್ಲನ್ನು ಬೇಯಿಸುತ್ತಿದ್ದಾಳಂತೆ. ಉಳಿದರ್ಧಕ್ಕೆ ಫಾರ್ಮಲಿನ್ನೇ, ಕೈಗವಸು ಮಾತ್ರ ಬಂದಿದೆ.

ಓದುಗ ಮಿತ್ರರಲ್ಲಿ ಒಂದು ವಿನಂತಿ. ಪರಿಚಯದ ಬೆಳೆಗಾರರಿಂದ ಅಣಬೆ ಕೊಳ್ಳುವಾಗ ಹುಲ್ಲನ್ನು ಹೇಗೆ ಶುದ್ಧಿ ಮಾಡಿದಿರೆಂದು ಕೇಳಿ. ಬಿಸಿನೀರಿನಲ್ಲಿ ಎಂದರೆ ಚೌಕಾಸಿ ಮಾಡಬೇಡಿ. ಸೌದೆಯ ದುಡ್ಡನ್ನು ನಾವೇ ಕೊಡಬೇಕಾಗಿದೆ.