ಕೂತು ಕಳೆ ಕೊಯ್ಯೋ ಮಿಷನ್ ಬೇಕು ಅಂದ್ರು ಅಪ್ಪ

ನಂದಿ ಬೆಟ್ಟದ ಸುತ್ತ ಬೆಂಗಳೂರಿನವರ ಫಾರ್ಮ್‌ಹೌಸ್‌ಗಳು ಎಷ್ಟಿವೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಹೋದ ಮಳೆಗಾಲದಲ್ಲಿ ಅಪ್ಪನ ಮೊಣಕಾಲು ತೋರಿಸೋಕೆ ಚಿಕ್ಕಬಳ್ಳಾಪುರಕ್ಕೆ ಬೈಕಲ್ಲಿ ಕರೆದುಕೊಂಡು ಹೋಗಿದ್ದೆ. ಪೇಪರಿಗೆ ಒಂದು ಫೋಟೊ ಬೇಕಿತ್ತು ಅಂತ ವಾಪಸ್ ಬರುವಾಗ ನಂದಿ ಕಡೆ ತಿರುಗಿಸಿದೆ. ಒಂದು ಫಾರ್ಮ್‌ಹೌಸ್ ಗೇಟ್ ತೆರೆದಿತ್ತು. ಒಳಗೆ ಎಕರೆಯಷ್ಟು ಹಸಿರು ಹುಲ್ಲು. ಕಾವಲಿನ ಹುಡುಗ ಪುಟ್ಟ ಟ್ರ್ಯಾಕ್ಟರ್ ತರದ ಮಿಷನ್ ಮೇಲೆ ಕೂತು ಹುಲ್ಲು ಕೊಯ್ಯುತ್ತಿದ್ದ.

ಅಪ್ಪ ಬೈಕಿಂದ ಇಳಿದು ನಿಂತೇ ಬಿಟ್ಟರು. "ಕೂತ್ಕೊಂಡು ಹುಲ್ಲು ಕೊಯ್ತಾನಲ್ಲಪ್ಪ!" ಆಮೇಲೆ ಆ ಹುಡುಗನನ್ನೇ ಕೇಳಿದರು, "ಹುಲ್ಲು ಯಾರಿಗೆ ಹಾಕ್ತೀರಿ?" "ಯಾರಿಗೂ ಇಲ್ಲ ತಾತ, ಗುಂಡಿಗೆ ಸುರೀತೀವಿ," ಅಂದ ಅವನು. ಅಪ್ಪ ಮಾತಾಡಲಿಲ್ಲ. ಆದರೆ ಮನೆಗೆ ಬಂದ ರಾತ್ರಿಯೇ ಶುರುವಾಯಿತು: ನಮ್ಮ ತೋಟಕ್ಕೂ ಅಂಥದ್ದೊಂದು ತರೋಣ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು. ವರ್ಷಕ್ಕೆ ಐದು ಬೆಳೆ ಹುಳ ಸಾಕುತ್ತೇವೆ, ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗುತ್ತೆ. ಕಡ್ಡಿ ಕೊಯ್ದು ಹದಿನೈದು ದಿನ ಆಗುವಷ್ಟರಲ್ಲಿ ತೋಟದ ತುಂಬ ಕಳೆ. ಔಷಧಿ ಹೊಡೆಯೋಕೆ ಭಯ. ಒಂದು ಹನಿ ಸೊಪ್ಪಿಗೆ ಬಿದ್ದು ಹುಳ ಹೋದರೆ ಇಡೀ ಬೆಳೆ ಹೋದ ಹಾಗೆ. ಹಾಗಾಗಿ ಕೈಯಲ್ಲೇ ಕೀಳಿಸಬೇಕು. ಒಂದು ಸಲಕ್ಕೆ 12 ಆಳು, ಆಳಿಗೆ 350 ರೂಪಾಯಿ ಅಂದರೆ 4,200. ಐದು ಬೆಳೆಗೆ 21,000. ಆ ಆಳುಗಳೂ ಸಿಕ್ಕಿದರೆ ಪುಣ್ಯ.

ಮೊದಲು ಹೋಗಿದ್ದು ಚಿಂತಾಮಣಿಗೆ. ಟ್ರ್ಯಾಕ್ಟರ್ ಅಂಗಡಿಯಲ್ಲಿ ಕೂತು ಓಡಿಸುವ ಸಣ್ಣ ಯಂತ್ರಗಳೂ ಇದ್ದವು. ತರಕಾರಿ, ಹಣ್ಣಿನ ತೋಟಕ್ಕೆ ಅಂತಲೇ ಸ್ವರಾಜ್ ಕಂಪನಿ 2021ರಲ್ಲಿ 'ಕೋಡ್' ಅಂತ 11 ಎಚ್‌ಪಿಯ ಕಿರಿದಾದ ಪೆಟ್ರೋಲ್ ಯಂತ್ರ ತಂದಿದೆ, ಅಗಲ ಸುಮಾರು ಮೂರು ಅಡಿ. ಅದಕ್ಕಿಂತ ದೊಡ್ಡದು ಬೇಕು ಅಂದರೆ 15 ಎಚ್‌ಪಿ ಮೇಲಿನ ಮಿನಿ ಟ್ರ್ಯಾಕ್ಟರ್‌ಗಳು. ಅಪ್ಪ ಒಂದರ ಸೀಟಿನ ಮೇಲೆ ಕೂತವರು ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ನಲವತ್ತು ವರ್ಷ ಬಗ್ಗಿ ಕೆಲಸ ಮಾಡಿದ ಮನುಷ್ಯ. ಇಳೀರಿ ಅನ್ನೋಕೆ ನನಗೂ ಬಾಯಿ ಬರಲಿಲ್ಲ.

ಉಪಕರಣ ಎಲ್ಲ ಸೇರಿಸಿ ಅಂಗಡಿಯವರು ಹೇಳಿದ್ದು ಎರಡೂವರೆ ಲಕ್ಷದ ಮೇಲೆ. ವರ್ಷಕ್ಕೆ 21,000 ಉಳಿಸೋಕೆ ಎರಡೂವರೆ ಲಕ್ಷ ಹಾಕಿದರೆ ಅಸಲು ವಾಪಸ್ ಬರೋಕೇ 12 ವರ್ಷ. ಬಡ್ಡಿ, ಪೆಟ್ರೋಲು, ರಿಪೇರಿ ಬೇರೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದೆ. ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಸಬ್ಸಿಡಿ ಇದೆ, ಆದರೆ ಯಾವ ಯಂತ್ರಕ್ಕೆ ಎಷ್ಟು ಅಂತ ಮಿತಿ ಇರುತ್ತೆ. ಪಹಣಿ, ಆಧಾರ್, ಫ್ರೂಟ್ಸ್ ನಂಬರ್ ಬೇಕು. ನೀವು ಹೋಗೋದಾದರೆ ಒಂದು ಮಾತು ನೆನಪಿರಲಿ: ಮೊದಲು ಅರ್ಜಿ ಹಾಕಿ, ಆಮೇಲೆ ಯಂತ್ರ ತಗೊಳ್ಳಿ. ಮೊದಲೇ ದುಡ್ಡು ಕೊಟ್ಟು ತಂದು, ಆಮೇಲೆ ಸಬ್ಸಿಡಿ ಕೇಳಿಕೊಂಡು ಅಲೆದವರನ್ನು ನಾನೇ ನೋಡಿದ್ದೇನೆ.

ಸಬ್ಸಿಡಿ ಆಸೆಯಲ್ಲಿ ನಾನೂ ಅರ್ಧ ಮನಸ್ಸು ಮಾಡಿದ್ದೆ. ಗೌರಿಬಿದನೂರಿನ ನಮ್ಮ ಮಾವ ತಡೆದರು. ಅವರದು ಮುಸುಕಿನ ಜೋಳದ ಹೊಲ, ಮಿನಿ ಟ್ರ್ಯಾಕ್ಟರ್ ಇಟ್ಟಿದ್ದಾರೆ. ಫೋನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಳಿಯಂದಿರೇ, ನಿಮ್ಮ ಸಾಲು ಎಷ್ಟಡಿ? ಬದುವಿನ ಹತ್ರ ತಿರುಗಿಸೋಕೆ ಜಾಗ ಎಷ್ಟಿದೆ?"

ಟೇಪ್ ಹಿಡಿದು ತೋಟಕ್ಕೆ ಹೋದೆ. ಅಪ್ಪ ಇಪ್ಪತ್ತೈದು ವರ್ಷದ ಹಿಂದೆ ಗುಂಡಿ ಪದ್ಧತಿಯಲ್ಲಿ ನೆಟ್ಟಿದ್ದು, ಮೂರಡಿಗೆ ಮೂರಡಿ. ಮೂರಡಿ ಅಗಲದ ಯಂತ್ರ ಅಲ್ಲಿ ಹೇಗೆ ಹೋಗುತ್ತೆ? ಈಗಿನವರು ಜೋಡಿ ಸಾಲು ನೆಡುತ್ತಾರೆ, ಎರಡು ಸಾಲಿನ ನಡುವೆ ಮೂರಡಿ, ಜೋಡಿಯಿಂದ ಜೋಡಿಗೆ ಐದಡಿ. ಅಂಥ ತೋಟದಲ್ಲಿ ಐದಡಿ ಜಾಗದಲ್ಲಿ ಯಂತ್ರ ಓಡುತ್ತೆ, ಮೂರಡಿಯಲ್ಲಿ ಮತ್ತೆ ಕೈಯೇ. ಅದರ ಮೇಲೆ ಡ್ರಿಪ್ ಪೈಪು. ಯಂತ್ರದ ಬ್ಲೇಡಿಗೆ ಪೈಪು ಸಿಕ್ಕಿದರೆ ಕಳೆಯ ಜೊತೆ ನೀರೂ ನಿಂತಿತು.

ನಡೆದು ತಳ್ಳುವ ಪವರ್ ವೀಡರ್ ಆದರೆ ಮೂರಡಿಯಲ್ಲಿ ಹೋಗುತ್ತೆ. ಆದರೆ ಅದರಲ್ಲೂ ಒಂದು ತೊಡಕು. ನಮ್ಮ ತೋಟದಲ್ಲಿ ಗರಿಕೆ ಜಾಸ್ತಿ. ಗರಿಕೆಯ ಬೇರನ್ನು ಯಂತ್ರ ತುಂಡು ಮಾಡಿದರೆ ಒಂದೊಂದು ತುಂಡೂ ಮತ್ತೆ ಚಿಗುರುತ್ತೆ. ಕಳೆ ತೆಗೆದ ಹಾಗೂ ಆಯ್ತು, ನಾಟಿ ಮಾಡಿದ ಹಾಗೂ ಆಯ್ತು.

ಇಷ್ಟೆಲ್ಲ ಓಡಾಡಿದ ನಾನು ಒಬ್ಬರನ್ನು ಕೇಳಿಯೇ ಇರಲಿಲ್ಲ. ಆಳುಗಳ ಜೊತೆ ದಿನಾ ತೋಟದಲ್ಲಿ ಇರೋದು ಅಮ್ಮ. ಒಂದು ಸಂಜೆ ಹಾಲು ಕರೆದು ಬಂದವರು ಅವರಾಗಿಯೇ ಕೇಳಿದರು: "ಮಿಷನ್ ಕಳೇನೆಲ್ಲ ಮಣ್ಣಿಗೆ ಸೇರಿಸಿಬಿಟ್ರೆ ನಾನು ಹಸುಗಳಿಗೆ ಏನು ಹಾಕ್ಲಿ?"

ನಮಗೆ ಕಳೆ ಅನಿಸಿದ್ದು ಅಮ್ಮನಿಗೆ ಮೇವು. ಪಾರ್ಥೇನಿಯಂ ಬಿಟ್ಟು ಮಿಕ್ಕ ಹುಲ್ಲು ದಿನಾ ಒಂದು ಹೊರೆ ಮನೆಗೆ ಬರುತ್ತೆ. ಕಳೆಗೆ ಬರುವ ಹೆಂಗಸರೂ ಸಂಜೆ ಒಂದೊಂದು ಹೊರೆ ತಲೆ ಮೇಲೆ ಇಟ್ಟುಕೊಂಡು ಹೋಗುತ್ತಾರೆ. ಅವರ ಮನೆಯಲ್ಲೂ ಒಂದು ಹಸು, ಡೈರಿಗೆ ಎರಡು ಹೊತ್ತು ಹಾಲು. 350 ರೂಪಾಯಿ ಕೂಲಿ ನನ್ನ ಲೆಕ್ಕದಲ್ಲಿತ್ತು, ಆ ಹೊರೆ ಇರಲಿಲ್ಲ. ಫಾರ್ಮ್‌ಹೌಸಿನ ಹುಡುಗ ಗುಂಡಿಗೆ ಸುರಿದ ಹುಲ್ಲು ಆಗ ನೆನಪಾಯಿತು.

ಹುಲ್ಲು ಕೊಯ್ಯುವ ಯಂತ್ರ ಹುಟ್ಟಿದ್ದೇ ಅಂಥ ಅಂಗಳಗಳಿಗೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅನ್ನೋರು ಅದನ್ನು ಕಂಡುಹಿಡಿದರು. ಉಣ್ಣೆ ಬಟ್ಟೆಯ ಮೇಲೆ ಎದ್ದ ನೂಲನ್ನು ಕತ್ತರಿಸುವ ಗಿರಣಿ ಯಂತ್ರ ನೋಡಿ ಅವರಿಗೆ ಆ ಉಪಾಯ ಬಂತಂತೆ. ಹುಲ್ಲೂ ಬಟ್ಟೆಯ ಹಾಗೆ ನುಣ್ಣಗೆ ಕಾಣಬೇಕು, ಅಷ್ಟೇ ಅದರ ಕೆಲಸ. ನಮ್ಮ ಹುಲ್ಲು ನೋಡೋಕೆ ಅಲ್ಲ.

ಕೊನೆಗೆ ತಂದಿದ್ದು ಬ್ರಷ್ ಕಟರ್. ಅದು ಹುಲ್ಲನ್ನು ಬುಡದಲ್ಲಿ ಕೊಯ್ದು ಮಲಗಿಸುತ್ತೆ, ಹೊರೆ ಕಟ್ಟಬಹುದು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲಿಗೆ ಆಯಿಲ್ ಅಳತೆಯಾಗಿ ಬೆರೆಸಬೇಕು, ತಪ್ಪಿದರೆ ಎಂಜಿನ್ ಹೋಯ್ತು. ಹಾಗಾಗಿ ಫೋರ್ ಸ್ಟ್ರೋಕ್ ತಗೊಂಡೆ, ಅದರಲ್ಲಿ ಪೆಟ್ರೋಲು ಬೇರೆ, ಆಯಿಲ್ ಬೇರೆ. ಗಿಡದ ಹತ್ತಿರಕ್ಕೆ ನೈಲಾನ್ ದಾರ, ಬಲಿತ ಕಳೆಗೆ ಬ್ಲೇಡು. ನಮ್ಮ ನೆಲದಲ್ಲಿ ಕಲ್ಲು ಜಾಸ್ತಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಸ್ಟಾರ್ಟ್ ಮಾಡಬೇಡಿ, ಹತ್ತಿರ ಮಕ್ಕಳನ್ನು ಬಿಡಬೇಡಿ. ಅಂಗಡಿಯಲ್ಲಿ ಕೊಡುವ ಮುಂಚೆ ಅದನ್ನು ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ಕೇಳಿದರೆ ಏಳೆಂಟು ಕೆಜಿ ಅಷ್ಟೇ ಅನಿಸುತ್ತೆ, ಬಿಸಿಲಲ್ಲಿ ಹಾಗಲ್ಲ.

ಅಪ್ಪನಿಗೂ ಅಮ್ಮನಿಗೂ ಅದನ್ನು ಹೊರೋಕೆ ಆಗಲ್ಲ. ಹಾಗಾಗಿ ಭಾನುವಾರ ನನ್ನ ಪಾಳಿ. ಎಲ್ಲಾದರೂ ಸುದ್ದಿ ಆದರೆ ಕಳೆ ಒಂದು ವಾರ ಮುಂದಕ್ಕೆ. ಗಿಡದ ಬುಡ ಬಿಡಿಸೋಕೆ ಹೆಂಗಸರು ಈಗಲೂ ಬರುತ್ತಾರೆ, ಆದರೆ 12 ಜನ ಅಲ್ಲ, ಐದು ಜನ. ಬಾರದ ಏಳು ಜನರಲ್ಲಿ ಒಬ್ಬ ಅಕ್ಕ ಬಸ್ ಸ್ಟಾಪಲ್ಲಿ ಸಿಕ್ಕಿ, "ಮಿಷನ್ ಬಂತಂತೆ ನಿಮ್ಮನೇಲಿ," ಅಂದರು. ನಾನು ಹೂಂ ಅಂದೆ. "ಹುಲ್ಲಿಗೆ ಬಾ ಅಂತ ಅಮ್ಮ ಹೇಳವ್ರೆ, ಬರ್ತೀನಿ," ಅಂದು ಬಸ್ ಹತ್ತಿದರು. ನನ್ನ 21,000ದ ಲೆಕ್ಕದಲ್ಲಿ ಉಳಿತಾಯ ಅಂತ ಬರೆದುಕೊಂಡಿದ್ದು ಅವರ ಕೂಲಿಯೇ. ಅದಕ್ಕೆ ನನ್ನ ಹತ್ತಿರ ಉತ್ತರ ಇನ್ನೂ ಇಲ್ಲ.

ಬಾವಿ ಪಕ್ಕದ ಅರ್ಧ ಎಕರೆಯ ಹಳೇ ಬೊಡ್ಡೆ ಕಿತ್ತು ಈ ಸಲ ಹೊಸದಾಗಿ ನೆಟ್ಟೆವು. ಬಾಡಿಗೆ ಟ್ರ್ಯಾಕ್ಟರ್ ಬಂದರೂ ತಿರುಗಲಿ ಅಂತ ಬದುವಿನ ಹತ್ತಿರ ಎಂಟಡಿ ಬಿಟ್ಟೆವು. ಅಪ್ಪ ಒಂದು ಕಡೆ ಹಗ್ಗ ಹಿಡಿದು ಕುರ್ಚಿ ಮೇಲೆ ಕೂತಿದ್ದರು. ನಾನು ಐದಡಿಗೆ ಗೂಟ ಹೊಡೆಯೋಕೆ ಹೋದೆ.

"ಇನ್ನೊಂದು ಗೇಣು ಬಿಡಪ್ಪ," ಅಂದರು.