ಮೂರು ಕೂಗಿನ ಬೇಳೆ

ತೊಗರಿಬೇಳೆಯನ್ನು ಬೇಯಿಸುವ ವಿದ್ಯೆಯು ಒಂದು ಕಾಲದಲ್ಲಿ ಬಾವಿಯ ಆಯ್ಕೆಯಿಂದಲೇ ಪ್ರಾರಂಭವಾಗುತ್ತಿತ್ತೆಂದರೆ ಇಂದಿನವರು ನಕ್ಕಾರು. ಸುಣ್ಣದಂಶ ಹೆಚ್ಚಾದ ಗಡಸು ನೀರಿನಲ್ಲಿ ಬೇಳೆಯು ಎಷ್ಟು ಕುದಿದರೂ ಕರಗದೆ ಮೊಂಡುಬೀಳುವುದನ್ನು ಬಲ್ಲ ನಮ್ಮ ಅಜ್ಜಿಯಂದಿರು, ಮಿಕ್ಕೆಲ್ಲ ಕೆಲಸಗಳಿಗೆ ಮನೆಯ ಬಾವಿಯನ್ನೇ ನೆಚ್ಚಿದ್ದರೂ, ಬೇಳೆಗೆಂದು ದೂರದ ಸಿಹಿನೀರ ಬಾವಿಯಿಂದ ಒಂದು ಬಿಂದಿಗೆಯನ್ನು ತರಿಸುತ್ತಿದ್ದರು. ಆ ನೀರು ಎಸರಾಗಿ ಮರಳಿ, ಹನಿ ಎಣ್ಣೆಯೂ ಚಿಟಿಕೆ ಅರಿಸಿನವೂ ಬಿದ್ದು, ಬೇಳೆ ನೊರೆಗಟ್ಟಿ ಉಕ್ಕುವ ಮುನ್ನ ಸೌದೆಯನ್ನು ಹಿಂದಕ್ಕೆಳೆದು, ಸೌಟಿನಲ್ಲೆತ್ತಿದ ಎರಡು ಬೇಳೆಯನ್ನು ಬೆರಳಿನಿಂದ ಹಿಸುಕಿ ನೋಡಿ, ಮೇಲೆ ನಿಂತ ಕಟ್ಟನ್ನು ಸಾರಿಗೆಂದು ಬಸಿದಿಟ್ಟುಕೊಳ್ಳುವವರೆಗೂ ಅವರ ಕಣ್ಣು, ಮೂಗು, ಕೈಗಳಿಗೆ ವಿರಾಮವೆಂಬುದಿರಲಿಲ್ಲ.

ಪ್ರೆಷರ್ ಕುಕ್ಕರು ಬಂದು ಈ ಸಮಸ್ತ ಇಂದ್ರಿಯವ್ಯಾಪಾರವನ್ನೂ ಕಿವಿಯೊಂದಕ್ಕೇ ವಹಿಸಿಬಿಟ್ಟಿತು. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿಯು ಲಂಡನ್ನಿನಲ್ಲಿ, ಎಲುಬುಗಳನ್ನು ಮೆತ್ತಗಾಗಿಸುವ ಸಲುವಾಗಿ ಕಲ್ಪಿಸಿದ ಪಾತ್ರೆಯ ವಂಶಜವೇ ನಮ್ಮ ಮಡಿಯ ಅಡಿಗೆಮನೆಗಳನ್ನು ಹೊಕ್ಕು ಅನ್ನ-ಬೇಳೆಗಳಿಗೆ ಒಡೆಯನಾದುದನ್ನು ಮಡಿವಂತರಾದ ನಮ್ಮ ಹಿರಿಯರಾರೂ ಅರಿಯದೆ ಹೋದದ್ದು ಒಳ್ಳೆಯದೇ ಆಯಿತು. ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದು ನಿಂತರೆ, ಹಬೆಯನ್ನು ಅದುಮಿ ಹಿಡಿದ ಈ ಪಾತ್ರೆಯೊಳಗೆ ಉಷ್ಣತೆಯು 120ರ ಸಮೀಪಕ್ಕೇರುವುದರಿಂದ, ಗಡಸು ನೀರಿನ ಹಠವೂ ಬಹುಮಟ್ಟಿಗೆ ಮುರಿಯುತ್ತದೆ. ಮೂರು ಕೂಗು ಕೇಳಿಸಿದರೆ ಸಾಕು, ಮುಚ್ಚಳ ತೆಗೆದು ನೋಡುವ ಅಗತ್ಯವೂ ಇಲ್ಲ, ಅವಕಾಶವೂ ಇಲ್ಲ.

ಕಟ್ಟು ಮಾತ್ರ ಹೋಯಿತು. ಬೇಳೆ ನೀರಿನೊಡನೆ ಕದಡಿ ಏಕವಾದ ಮೇಲೆ ಬಸಿಯುವುದಾದರೂ ಏನನ್ನು?

ಹೀಗೆಂದು ಸೌದೆಯೊಲೆಗಾಗಿ ಹಲುಬುವವರ ಪಂಕ್ತಿಗೆ ನಾನು ಸೇರಿದವನಲ್ಲ. ಆ ಒಲೆಯ ರುಚಿಯನ್ನು ಕೊಂಡಾಡಿದವರು ಎಲೆಯ ಮುಂದೆ ಕುಳಿತ ನಾವು. ಹೊಗೆಯನ್ನು ಕುಡಿದವರು ಒಳಗಿದ್ದ ಹೆಂಗಸರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಂಡೊಯ್ಯುವಷ್ಟರಲ್ಲಿ ಎಷ್ಟೋ ಕಣ್ಣುಗಳು ಮಸುಕಾಗಿದ್ದವು.

ಆದರೂ ಹೋಳಿಗೆಯ ಹೂರಣಕ್ಕೆ ಬೇಳೆಯು ಬೆಂದಿರಬೇಕು, ಕರಗಿರಬಾರದು; ಬಸಿದ ಕಟ್ಟಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ಆದಕಾರಣ ಯುಗಾದಿಯಂದು ನಮ್ಮ ಮನೆಯ ಕುಕ್ಕರಿಗೆ ರಜೆ. ಮೊನ್ನಿನ ಹಬ್ಬದಲ್ಲಿ ಅಗಲಬಾಯಿಯ ತಪ್ಪಲೆಯನ್ನು ಗ್ಯಾಸಿನ ಮೇಲಿಟ್ಟ ಸೊಸೆಯು, ಪಂಚಾಂಗವನ್ನು ಹಿಡಿದು ಕುಳಿತಿದ್ದ ನನ್ನನ್ನು ಒಳಗೆ ಕರೆದು, “ಮಾವ, ಇದು ಕೂಗೋದಿಲ್ಲ, ಉಕ್ಕೋ ಹಾಗಾದ್ರೆ ಉರಿ ತಗ್ಗಿಸಿ” ಎಂದು ಕೈಗೆ ಸೌಟನ್ನು ಕೊಟ್ಟು ಹೋದಳು.