ನಂಜಮ್ಮ ಠಾಣೆಗೆ ಹೋಗಿದ್ದರೆ

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ನಮ್ಮ ಬಳಗದಲ್ಲಿ ಹಳೆಯ ಜಗಳವೊಂದು ಮತ್ತೆ ಎದ್ದಿದೆ. ಅವರು ಸ್ತ್ರೀದ್ವೇಷಿಯೋ, ಅಲ್ಲವೋ? ಹೌದು ಎನ್ನುವವರು ಅವರ ಕಾದಂಬರಿ ‘ಕವಲು’ ಹಿಡಿದುಕೊಂಡು ಕೂತಿರುತ್ತಾರೆ, ಅಲ್ಲ ಎನ್ನುವವರು ‘ಗೃಹಭಂಗ’. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ತೀರ್ಪು ಆಗಿಬಿಟ್ಟಿರುತ್ತದೆ. ಈ ಅವಸರ ಕಂಡರೆ ನನಗೆ ಸಿಟ್ಟು ಬರುತ್ತದೆ. ಹದಿಹರೆಯದಿಂದ ಓದಿಕೊಂಡು ಬಂದ ಲೇಖಕರು ಅವರು. ಬಯ್ಯುವುದಿದ್ದರೂ ಹೊಗಳುವುದಿದ್ದರೂ ಪುಟ ತೆರೆದಿಟ್ಟುಕೊಂಡು ಮಾಡೋಣ ಅನ್ನುವುದು ನನ್ನ ಹಟ.

ನಮ್ಮ ಚಿಕ್ಕಮ್ಮ ತಿಪಟೂರು ಕಡೆಯವರು. ಓದಿದ್ದು ಲೋಯರ್ ಸೆಕೆಂಡರಿವರೆಗೆ. ಆದರೆ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಭೈರಪ್ಪ ಎಲ್ಲರನ್ನೂ ತಂದು ಓದಿ ಮುಗಿಸಿದವರು. ಅವರ ಮಟ್ಟಿಗೆ ‘ಗೃಹಭಂಗ’ದ ರಾಮಸಂದ್ರ ಪಕ್ಕದ ಊರು. ಅದರ ನಾಯಕಿ ನಂಜಮ್ಮನ ಮಾತು ಬಂದರೆ, “ಅವಳು ಕಾದಂಬರಿಯೋಳಲ್ಲ ಕಣೋ, ನಮ್ಮ ಸೋದರತ್ತೆ” ಅನ್ನುತ್ತಾರೆ.

ಆ ಮಾತಿನಲ್ಲಿ ಹುರುಳಿದೆ. ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಅವನಿಗೆ ಲೆಕ್ಕ ಬರೆಯಲು ಬಾರದು, ಹೊಟ್ಟೆ ತುಂಬಿದರೆ ಸಾಕು. ಹಾಳೆಗೆ ರೂಲು ಹಾಕಿ ಊರಿನ ಕಂದಾಯದ ಲೆಕ್ಕ ತುಂಬುವವಳು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಮಾಡುವವಳೂ ಅವಳೇ. ಅತ್ತೆ ಗಂಗಮ್ಮನ ಬಾಯಿಯಿಂದ ಬೀಳುವ ಬೈಗುಳ, ಬರ, ಪ್ಲೇಗು ಎಲ್ಲವನ್ನೂ ಹೊತ್ತು ಮಕ್ಕಳನ್ನು ಓದಿಸಲು ಹೊರಡುತ್ತಾಳೆ. ಬೆಳೆದ ಮಗ, ಮದುವೆಯಾದ ಮಗಳು ಇಬ್ಬರೂ ಪ್ಲೇಗಿಗೆ ಹೋಗುತ್ತಾರೆ, ಕಡೆಗೆ ಅವಳೂ. ಹಳ್ಳಿಯ ಗೃಹಿಣಿಯೊಬ್ಬಳ ದುಡಿಮೆಗೆ, ಲೆಕ್ಕಬುದ್ಧಿಗೆ, ಮರ್ಯಾದೆಗೆ ಇಷ್ಟು ಕಣ್ಣು ಕೊಟ್ಟ ಕನ್ನಡ ಗಂಡಸು ಇನ್ನೊಬ್ಬ ನನಗೆ ಸಿಕ್ಕಿಲ್ಲ. ಸಂತೇಶಿವರದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡವರು ಭೈರಪ್ಪ. 1970ರಲ್ಲಿ ಬಂದ ಈ ಕಾದಂಬರಿಯ ಹಿಂದೆ ಆ ತಾಯಿ ಇದ್ದಾಳೆ. ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಇದು ಗೊತ್ತು.

ಚಿಕ್ಕಮ್ಮನ ಸೊಸೆ ವಕೀಲೆ. ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸು ನಡೆಸುತ್ತಾಳೆ. ನಂಜಮ್ಮನ ಗುಣಗಾನವನ್ನು ಅತ್ತೆ ಮಾಡುತ್ತಿದ್ದ ಒಂದು ಸಂಜೆ ಅವಳು ಹುರುಳಿಕಾಯಿ ನಾರು ಬಿಡಿಸುತ್ತಲೇ ಕೇಳಿದಳು: “ಅತ್ತೆ, ಆ ಗಂಡನ ಕಾಟ ತಡೀಲಾರದೆ ನಂಜಮ್ಮ ಒಂದಿನ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದಿದ್ರೆ, ಇವರು ಅವಳನ್ನ ಇಷ್ಟೇ ಚೆನ್ನಾಗಿ ಬರೀತಿದ್ರಾ?”

ಚಿಕ್ಕಮ್ಮ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಭೈರಪ್ಪನವರ ಪರವಾಗಿ ನಂಜಮ್ಮನನ್ನು ಸಾಕ್ಷಿಗೆ ಕರೆದು ಗೆದ್ದೆವು ಅಂದುಕೊಳ್ಳುವವರೆಲ್ಲ ಇದಕ್ಕೆ ಉತ್ತರ ಕೊಡಬೇಕು. ಸಹಿಸಿಕೊಂಡ ತಾಯಿಯನ್ನು ಗೌರವಿಸುವುದು ನಮ್ಮ ಗಂಡಸರಿಗೆ ಯಾವತ್ತೂ ಕಷ್ಟವಾಗಿಲ್ಲ. ಹೆಂಗಸು ತನಗಾಗಿ ಏನಾದರೂ ಕೇಳಿದಾಗ ಲೇಖಕ ಏನು ಮಾಡುತ್ತಾನೆ ಅನ್ನುವುದನ್ನು ನೋಡಬೇಕು.

‘ವಂಶವೃಕ್ಷ’ದ ಕಾತ್ಯಾಯನಿ ಕೇಳಿದವಳು. 1965ರ ಕಾದಂಬರಿ. ನಂಜನಗೂಡಿನಲ್ಲಿ ಗಂಡ ಕಪಿಲೆಯ ಪಾಲಾದ ಮೇಲೆ, ಮಾವ ಶ್ರೀನಿವಾಸ ಶ್ರೋತ್ರಿಗಳ ಮನೆಯಿಂದ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಾಳೆ. ಅಲ್ಲಿನ ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗ ಚೀನಿಯನ್ನು ಕರೆದೊಯ್ಯಲು ಅವಳು ನಂಜನಗೂಡಿಗೆ ಬರುವ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಶ್ರೋತ್ರಿಗಳು ಗದರುವುದಿಲ್ಲ, ಶಪಿಸುವುದಿಲ್ಲ, ನಿರ್ಧಾರವನ್ನು ಅವಳಿಗೇ ಬಿಡುತ್ತಾರೆ. ಅವಳು ಮಲಗಿದ ಮಗುವನ್ನು ಬಿಟ್ಟು ಹೊರಟುಹೋಗುತ್ತಾಳೆ. ಎಂಥ ಬರವಣಿಗೆ ಅದು! ಶ್ರೋತ್ರಿಗಳ ಎದುರು ಅವಳು ಸೋತಳೆಂದು ನನಗೆ ಅನ್ನಿಸುವುದೇ ಇಲ್ಲ, ಇಬ್ಬರೂ ಸಮನಾಗಿ ನಿಂತಿದ್ದಾರೆ.

ಆಮೇಲೆ ಏನಾಗುತ್ತದೆ? ಅವಳಿಗೆ ಮತ್ತೆ ಮತ್ತೆ ಗರ್ಭ ನಿಲ್ಲದೆ ಹೋಗುತ್ತದೆ. ಕೊರಗಿ ಕೊರಗಿ ಸಾಯುತ್ತಾಳೆ. ಶ್ರೋತ್ರಿಗಳು ಹಾಕದ ಶಾಪವನ್ನು ಕಥೆ ಹಾಕುತ್ತದೆ. ನನ್ನ ಜಗಳ ಇಲ್ಲಿಂದ ಶುರು. ಆದರೆ ಅದೇ ಭೈರಪ್ಪ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ತನ್ನ ಹುಟ್ಟಿನ ಗುಟ್ಟು ಶ್ರೋತ್ರಿಗಳಿಗೆ ಕಡೆಯಲ್ಲಿ ತಿಳಿಯುತ್ತದೆ. ಆಸ್ತಿಗಾಗಿ, ಹೆಸರಿಗಾಗಿ, ಬೇರೊಬ್ಬನಿಂದ ಹುಟ್ಟಿಸಿಕೊಂಡ ಮಗ ತಾನು ಎಂಬುದು. ಯಾವ ವಂಶಕ್ಕಾಗಿ ಚೀನಿ ತಾಯಿಯಿಂದ ದೂರ ಉಳಿದನೋ ಆ ವಂಶವೇ ಟೊಳ್ಳು. ಸ್ತ್ರೀದ್ವೇಷಿ ಎಂಬ ಒಂದೇ ಮಾತಿನಲ್ಲಿ ಇಂಥ ಲೇಖಕನನ್ನು ಹೇಗೆ ಮುಗಿಸುವುದು?

ವಿಧವೆಯ ಮಾತು ಬಂದದ್ದರಿಂದ ‘ಫಣಿಯಮ್ಮ’ನನ್ನು ನೆನೆಯದೆ ಮುಂದೆ ಹೋಗಲಾರೆ. ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ ಸಣ್ಣ ಕಾದಂಬರಿ. ಬಾಲವಿಧವೆ ಫಣಿಯಮ್ಮ ತನ್ನ ಪಾಲಿಗೆ ಬಂದ ಕೇಶಮುಂಡನ, ಒಪ್ಪೊತ್ತಿನ ಊಟ ಎಲ್ಲವನ್ನೂ ಜೀವಮಾನವಿಡೀ ಪಾಲಿಸುತ್ತಾಳೆ. ಮನೆಯ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿ ಕೂದಲು ತೆಗೆಸುವುದಿಲ್ಲ ಎಂದು ಹಟ ಹಿಡಿದಾಗ ಮುದುಕಿ ಹುಡುಗಿಯ ಪರ ನಿಲ್ಲುತ್ತಾಳೆ. ತಾನು ಸಹಿಸಿದ್ದನ್ನು ಇನ್ನೊಬ್ಬಳೂ ಸಹಿಸಲಿ ಅನ್ನುವುದಿಲ್ಲ. ನಂಜಮ್ಮನಷ್ಟೇ ತಾಳ್ಮೆಯವಳು ಫಣಿಯಮ್ಮ, ಆದರೆ ಇಂದಿರಾ ಅವರು ಆ ತಾಳ್ಮೆಯನ್ನು ಬೇರೆ ಹೆಂಗಸರಿಗೆ ಅಳತೆಗೋಲಾಗಿ ಮಾಡಲಿಲ್ಲ. ಪ್ರೇಮಾ ಕಾರಂತರ ಸಿನಿಮಾ ನೋಡಿದವರೂ ಪುಸ್ತಕವನ್ನು ಒಮ್ಮೆ ಓದಬೇಕು.

ಈಗ ‘ಕವಲು’. 2010ರಲ್ಲಿ ಬಂತು. ಮಂಗಳೆ ಎಂಬ ಓದಿದ ಹೆಣ್ಣು ಜಯಕುಮಾರನೆಂಬ ಉದ್ಯಮಿಯನ್ನು ಬಸಿರಿನ ನೆಪದಲ್ಲಿ ಮದುವೆಗೆ ಸಿಕ್ಕಿಸುತ್ತಾಳೆ, ಆಮೇಲೆ ವರದಕ್ಷಿಣೆ ಕಿರುಕುಳದ ಕೇಸು. ಹೆಣ್ಣಿನ ಹಕ್ಕಿನ ಬಗ್ಗೆ ಮಾತಾಡುವ ಅಧ್ಯಾಪಕಿ, ವಕೀಲೆ ಎಲ್ಲರೂ ಸ್ವಾರ್ಥಿಗಳು. ತೀರಿಕೊಂಡ ಮೊದಲ ಹೆಂಡತಿ ಮಾತ್ರ ಆದರ್ಶ. ನಾನು ಈ ಪುಸ್ತಕವನ್ನು ಕಷ್ಟಪಟ್ಟು ಮುಗಿಸಿದೆ. ಇದು ಹೆಂಗಸರಿಗೆ ಅನ್ಯಾಯ ಮಾಡಿದ ಪುಸ್ತಕ, ಹಾಗೆ ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಕಾನೂನಿನ ದುರುಪಯೋಗ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇಂಥ ಕಿರುಕುಳಕ್ಕೆ ಶಿಕ್ಷೆ ವಿಧಿಸುವ 498ಎ ಕಲಮು ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. ದೂರು ಬಂದ ಕೂಡಲೇ ಕಣ್ಣುಮುಚ್ಚಿ ಬಂಧಿಸಬಾರದೆಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ವಯಸ್ಸಾದ ಅತ್ತೆ ಮಾವ, ದೂರದೂರಿನ ನಾದಿನಿ ಹೀಗೆ ಮನೆಮಂದಿಯನ್ನೆಲ್ಲ ಎಳೆದ ಕೇಸುಗಳಿವೆ, ಚಿಕ್ಕಮ್ಮನ ಸೊಸೆಯೇ ಅಂಥವನ್ನು ನೋಡಿದ್ದಾಳೆ. ಕಾದಂಬರಿಕಾರ ಅದನ್ನು ಬರೆಯಬಾರದೆಂದು ಯಾರೂ ಹೇಳಕೂಡದು. ಆದರೆ ಇದೇ ದೇಶದಲ್ಲಿ ವರದಕ್ಷಿಣೆ ಸಾವಿನ ಪ್ರಕರಣಗಳು ಈಗಲೂ ವರ್ಷಕ್ಕೆ 6,000 ದಾಟುತ್ತವೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಡುತ್ತದೆ. ಕಲಮು ಬಂದದ್ದೇ ಆ ಹೆಣಗಳ ಕಾರಣಕ್ಕೆ. ಬರೆಯುವ ಮುನ್ನ ವರ್ಷಗಟ್ಟಲೆ ತಿರುಗಿ, ಓದಿ, ಕೇಳಿ ತಿಳಿದುಕೊಳ್ಳುತ್ತಿದ್ದ ಭೈರಪ್ಪನವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕಾದಂಬರಿಯ ತೂಕವನ್ನೆಲ್ಲ ಒಂದೇ ಕಡೆಗೆ ಹಾಕಿದರು. ಠಾಣೆಯ ಬೆಂಚಿನ ಮೇಲೆ ಕೂತ ಹೆಂಗಸರಲ್ಲಿ ಸುಳ್ಳಿಯೊಬ್ಬಳು ಮಾತ್ರ ಅವರಿಗೆ ಬೇಕಾದಳು.

ಹಾಗಾದರೆ ಸ್ತ್ರೀದ್ವೇಷಿ ಎಂಬ ಕಟುಪದ ಅವರಿಗೆ ಸಲ್ಲುತ್ತದೆಯೇ? ‘ಕವಲು’ ಒಂದನ್ನೇ ಮುಂದಿಟ್ಟರೆ ಸಲ್ಲುತ್ತದೆ ಅನ್ನಬಹುದೇನೋ. ಆದರೆ ‘ದಾಟು’ವಿನ ಸತ್ಯಭಾಮೆ ಇದ್ದಾಳೆ. ಪೂಜಾರಿಯ ಮಗಳು. ಜಾತಿ ದಾಟಿ ಪ್ರೀತಿಸಿದವಳು, ತನ್ನ ಬುದ್ಧಿಯ ಮೇಲೆ ತಾನೇ ನಿಂತವಳು. ಇಡೀ ಕಾದಂಬರಿಯಲ್ಲಿ ಬೆನ್ನುಮೂಳೆ ಇರುವುದು ಅವಳಿಗೆ, ಗಂಡಸರೆಲ್ಲ ಒಂದಲ್ಲ ಒಂದು ಕಡೆ ಬಾಗುತ್ತಾರೆ. ‘ಕವಲು’ ಬಂದು ಏಳು ವರ್ಷವಾದ ಮೇಲೆ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ ಅವರು ‘ಉತ್ತರಕಾಂಡ’ ಬರೆದರು. ಅಲ್ಲಿ ಕಥೆ ಹೇಳುವವಳು ಸೀತೆ. ಕಾಡಿಗಟ್ಟಿದ ಗಂಡನನ್ನು ಅವಳು ತೂಗಿ ನೋಡುತ್ತಾಳೆ, ರಾಮನ ಧರ್ಮ ಅವಳ ತಕ್ಕಡಿಯಲ್ಲಿ ಕಡಿಮೆ ಬೀಳುತ್ತದೆ. ಸಂಪ್ರದಾಯದ ವಕೀಲರೆಂದು ಹೆಸರಾದವರು ಬರೆದ ಪುಸ್ತಕ ಇದು.

ಹೀಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಹೆಂಗಸಿನ ನೋವು ಅವರಿಗೆ ಒಳಗಿನಿಂದ ಗೊತ್ತಿತ್ತು. ಹೆಂಗಸಿನ ಛಲ ಗೊತ್ತಿತ್ತು. ಅವಳ ಕೈಗೆ ತಮ್ಮ ಕಾಲದ ಕಾನೂನು, ಸಂಘಟನೆ, ಸಂಬಳ, ಘೋಷಣೆ ಬಂದಾಗ ಮಾತ್ರ ಅವರಿಗೆ ಅಪನಂಬಿಕೆ ಹುಟ್ಟಿತು, ಆ ಅಪನಂಬಿಕೆ ಕಲೆಯನ್ನೂ ಕೆಡಿಸಿತು. ಇದನ್ನು ದ್ವೇಷ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಪೂರ್ವಗ್ರಹ ಅನ್ನುತ್ತೇನೆ, ಗಟ್ಟಿಯಾಗಿಯೇ ಅನ್ನುತ್ತೇನೆ. ಮನುಷ್ಯನ ಹಣೆಗೆ ಒಂದು ಚೀಟಿ ಅಂಟಿಸಿದ ಮೇಲೆ ಅವನ ಪುಸ್ತಕ ತೆರೆಯುವವರು ಕಡಿಮೆಯಾಗುತ್ತಾರೆ. ಆಗ ‘ಕವಲು’ ಎಲ್ಲಿ ತಪ್ಪಿತೆಂದು ತೋರಿಸುವವರೂ ಇಲ್ಲದಂತಾಗುತ್ತದೆ, ಕಾತ್ಯಾಯನಿಗಾಗಿ ಅಳುವವರೂ ಇಲ್ಲದಂತಾಗುತ್ತದೆ.

ಸರಸ್ವತಿ ಸಮ್ಮಾನ ಪಡೆದ ‘ಮಂದ್ರ’ದಲ್ಲಿ ಭೈರಪ್ಪನವರೇ ಇಂಥದೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಗಾಯಕ ಮೋಹನಲಾಲ ಹಾಡಿದರೆ ಸಭೆ ಮೈಮರೆಯುತ್ತದೆ. ಅದೇ ಮೋಹನಲಾಲ ಶಿಷ್ಯೆಯರನ್ನು ಬಳಸಿಕೊಂಡು ಬಿಸಾಡುತ್ತಾನೆ. ಅವನ ಸಂಗೀತ ಹಿರಿದೆಂದು ಲೇಖಕರು ಅವನ ನಡತೆಯನ್ನು ಮುಚ್ಚಿಡಲಿಲ್ಲ, ನಡತೆ ಕೊಳಕೆಂದು ಸಂಗೀತವನ್ನು ಕೀಳು ಮಾಡಲೂ ಇಲ್ಲ. ಕೃತಿಯಲ್ಲಿ ತಪ್ಪಿದ ಲೇಖಕನಿಗೂ ಆ ಎರಡೂ ಬಗೆಯ ನ್ಯಾಯ ಸಿಗಬೇಕು.

1979ರ ‘ಪರ್ವ’ದಲ್ಲಿ ಅವರು ಕುಂತಿಯ ಮುಪ್ಪಿನೊಳಗೆ ಇಳಿದರು. ಗಂಡನ ಷಂಡತನ, ನಿಯೋಗ, ಆ ಗಂಡಸರ ನೆನಪು, ಮೈಯ ಆಸೆ ಇವನ್ನೆಲ್ಲ ಒಂದಿಷ್ಟೂ ನಾಚಿಸದೆ, ಹೀನಾಯ ಮಾಡದೆ ಬರೆದರು. ಐವರಿಗೆ ಹಂಚಿಹೋದ ದ್ರೌಪದಿಯ ದಣಿವನ್ನು ಬರೆದರು. ಮಂಗಳೆ ಸುಳ್ಳಾಡಿದ್ದರೆ ಅವಳು ಯಾಕೆ ಅಂಥವಳಾದಳು, ಮದುವೆಯಿಲ್ಲದೆ ನೆಲೆಯಿಲ್ಲವೆಂಬ ಭಯವನ್ನು ಅವಳಲ್ಲಿ ಯಾರು ಬಿತ್ತಿದರು ಎಂದು ಕೇಳುವ ಶಕ್ತಿ ಆ ಕೈಗಿತ್ತು. ಕುಂತಿಗೆ ಕೊಟ್ಟ ಹೊತ್ತನ್ನು ಮಂಗಳೆಗೆ ಕೊಡಲಿಲ್ಲ. ಭೈರಪ್ಪನವರ ಮೇಲಿನ ನನ್ನ ತಕರಾರು ಇದು, ಅವರನ್ನು ಓದುವುದನ್ನು ಬಿಡದೆಯೇ ಈ ತಕರಾರನ್ನು ಇಟ್ಟುಕೊಂಡಿರುತ್ತೇನೆ.